ಕದದಪಾರೆಗೆ ಆ ಹೆಸರು ಬಂದದ್ದು

ಅಲೆಯ ಬೆನ್ನ ಮೇಲೆ ಹಲಗೆ ಹಾಕಿ ಸವಾರಿ ಮಾಡುವ ವಿದ್ಯೆಯನ್ನು ಇಡೀ ಪ್ರಪಂಚಕ್ಕೆ ಕಲಿಸಿಕೊಟ್ಟವನು ನಾನು. ಇದು ಶುದ್ಧ ಸುಳ್ಳು. ನೀರು ಮೊಣಕಾಲು ದಾಟಿದರೆ ನನಗೆ ಮನೆದೇವರ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಆದರೆ ಈಗ ಎಲ್ಲೆಲ್ಲಿಂದಲೋ ಹುಡುಗರು ಬಂದು ಮಾಡುವ ಆ ಕೆಲಸವನ್ನು ನಮ್ಮ ಬಿಳಿಕೋಡಿಯ ಒಬ್ಬ ಹೆಂಗಸು ಎಷ್ಟೋ ತಲೆಮಾರಿನ ಹಿಂದೆಯೇ ಮಾಡಿದ್ದಳು ಎಂಬುದು ಸುಳ್ಳಲ್ಲ. ಸುಳ್ಳಾಗಿದ್ದರೆ ನಾನು ಅದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದೆ.

ಬಿಳಿಕೋಡಿಯ ಮರಳ ದಂಡೆಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ, ಆಕಾಶ ತಿಳಿಯಾಗಿರುವ ದಿನ, ಕಡಲಿನ ಅಂಚಿನಲ್ಲಿ ಮಗುಚಿಟ್ಟ ಗಡಿಗೆಯಂಥ ಒಂದು ಗುಡ್ಡ ಕಾಣುತ್ತದೆ. ಅದು ಹಕ್ಕಿಗುಡ್ಡ. ಯಂತ್ರದ ದೋಣಿಯಲ್ಲಿ ಹೋದರೂ ಅರ್ಧ ಗಂಟೆ ಬೇಕು. ಮನುಷ್ಯರ ವಾಸವಿಲ್ಲ, ಬಾವಿಯಿಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ಆ ಗುಡ್ಡದ ತೆಂಕಣ ಮೂಗಿನಿಂದ ಒಂದು ಉದ್ದನೆಯ ಬಂಡೆಸಾಲು ನೀರೊಳಗೇ ಕಡಲಿಗೆ ಚಾಚಿಕೊಂಡಿದೆ. ನೀರಡಿಯ ಇಂಥ ಬಂಡೆಗೆ ನಮ್ಮ ಕಡೆ ಪಾರೆ ಎನ್ನುತ್ತಾರೆ. ಈ ಪಾರೆಯ ಹೆಸರು ಕದದಪಾರೆ. ಆಳದಿಂದ ಸುಮ್ಮನೆ ಉಬ್ಬಿ ಬರುವ ನೀರು ಈ ಪಾರೆಯನ್ನು ಮುಟ್ಟಿದೊಡನೆ ಎದ್ದು ನಿಲ್ಲುತ್ತದೆ, ಒಂದು ತುದಿಯಿಂದ ಮಗುಚಲು ಹಿಡಿದು ಇನ್ನೊಂದು ತುದಿಯವರೆಗೆ ಚಾಪೆ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಇದನ್ನು ಹುಡುಕಿಕೊಂಡೇ ಸರ್ಫಿಂಗಿನವರು ಬರುತ್ತಾರೆ. ಅವರಲ್ಲಿ ಹೆಸರಿನ ಕಾರಣ ಕೇಳಿದವರಿಗೆ ನಾನು ಒಮ್ಮೆ ಭೀಮಸೇನ ಇಲ್ಲಿ ಬಾಗಿಲು ಒದ್ದು ಮುರಿದ ಎಂದೆ, ಇನ್ನೊಮ್ಮೆ ಅಲ್ಲಿ ವರುಣನ ಮನೆಯಿದೆ, ಇಳಿಯುವ ಮೊದಲು ಮೂರು ಸಲ ಹಲಗೆ ತಟ್ಟಬೇಕು ಎಂದೆ. ಈಗಲೂ ಕೆಲವರು ತಟ್ಟುತ್ತಾರೆ, ಪಾಪ. ನಿಜವಾದ ಕಾರಣ ಇದು.

ಹಿಂದೆ ಒಮ್ಮೆ, ಯಂತ್ರದ ದೋಣಿಗಳೂ ನೈಲಾನ್ ಬಲೆಗಳೂ ಇಲ್ಲದ ಕಾಲದಲ್ಲಿ, ಬಿಳಿಕೋಡಿಯ ಅಂಬಿಗರಲ್ಲಿ ಒಂದು ಕಟ್ಟಳೆಯಿತ್ತು. ಕಡಲಿಗೆ ಹೋದವನು ಹೇಳಿದ ಹೊತ್ತಿಗೆ ಮರಳದಿದ್ದರೆ ಅವನ ಮನೆಯ ಮುಂಬಾಗಿಲಿನ ಕದವನ್ನು ಕಳಚಿ ಅಂಗಳದಲ್ಲಿ ಎರಡು ಕಲ್ಲುಗಳ ಮೇಲೆ ಮಲಗಿಸುತ್ತಿದ್ದರು. ಯಾವ ಹೊತ್ತಿನಲ್ಲಿ ಬಂದರೂ ಅವನು ತನ್ನ ಮನೆಯ ಬಾಗಿಲು ಬಡಿದು ಕಾಯುವಂತಾಗಬಾರದು. ಕದ ಕೆಳಗಿರುವವರೆಗೆ ಆತ ಬದುಕಿದ್ದಾನೆ ಎಂದೇ ಲೆಕ್ಕ. ಹೆಂಡತಿ ಹೂ ಮುಡಿಯಬಹುದು, ದೋಣಿಯಲ್ಲಿ ಅವನ ಜಾಗಕ್ಕೆ ಯಾರೂ ಕೂರುವಂತಿಲ್ಲ. ಬಂದರೆ ಅವನೇ ತನ್ನ ಕೈಯಾರೆ ಕದ ಏರಿಸಬೇಕು. ಬಾರದಿದ್ದರೆ, ಮಳೆಗಾಲ ಮುಗಿದು ಕಡಲಿಗೆ ತೆಂಗಿನಕಾಯಿ ಬಿಡುವ ನೂಲಹುಣ್ಣಿಮೆಯ ದಿನ, ಊರಿನ ಬುಧವಂತ, ಅಂದರೆ ಅಂಬಿಗರ ಹಿರಿಯ, ಬಂದು ಏರಿಸುತ್ತಿದ್ದ. ಅವನು ಏರಿಸಿದ ಕ್ಷಣಕ್ಕೆ ಆ ಮನೆಯ ಗಂಡಸು ಸತ್ತ, ಹೆಂಡತಿಯ ಹೂ ಇಳಿಯಿತು. ಊರಿನಲ್ಲಿ ಒಂದೇ ಒಂದು ಕದ ಕೆಳಗಿದ್ದರೂ ಕಾಯಿ ಬಿಡುವಂತಿರಲಿಲ್ಲ. ನಮ್ಮವನನ್ನು ಇಟ್ಟುಕೊಂಡಿದ್ದೀ ಎಂದು ಅಂಗಳದಲ್ಲಿ ದೂರು ಬಿಡಿಸಿಟ್ಟು, ಅದೇ ಕಡಲಿಗೆ ಕಾಯಿ ಕೊಟ್ಟು ಮೀನು ಬೇಡುವುದು ಯಾವ ಮರ್ಯಾದೆ? ಕಾಯಿ ಬಿಡದೆ ದೋಣಿ ಇಳಿಸುವಂತೆಯೂ ಇರಲಿಲ್ಲ.

ಆ ವರ್ಷ ಕದ ಕೆಳಗಿದ್ದದ್ದು ಬೊಮ್ಮಿಯ ಮನೆಯಲ್ಲಿ. ಅವಳ ಗಂಡ ಜಟ್ಟ ಮಳೆ ಹಿಡಿಯುವ ಮುಂಚಿನ ಕೊನೆಯ ಬಿಸಿಲಿನಲ್ಲಿ ಕಲ್ಲಿಗೆ ಕಚ್ಚಿದ ಚಿಪ್ಪು ಕೀಳಲು ಹಕ್ಕಿಗುಡ್ಡಕ್ಕೆ ಸಣ್ಣ ಪಾತಿದೋಣಿಯಲ್ಲಿ ಒಬ್ಬನೇ ಹೋದವನು ಮರಳಲಿಲ್ಲ. ಮಾರನೆಯ ದಿನವೇ ಮಳೆ ಇಳಿಯಿತು. ಮಳೆಗಾಲದ ಕಡಲಿಗೆ ದೋಣಿ ನೂಕುವ ಧೈರ್ಯ ಯಾರಿಗಿದೆ? ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಮಧ್ಯಾಹ್ನ ಬೊಮ್ಮಿ ಗುಡ್ಡದ ಮೇಲೆ ಹೊಗೆ ಕಂಡೆನೆಂದು ಊರೆಲ್ಲಾ ಕೂಗಿಕೊಂಡು ಬಂದಳು. ಗಂಡಸರು ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಅದು ಮಂಜು ಎಂದರು. ಜಟ್ಟನ ತಮ್ಮ ನಾಗಪ್ಪನಂತೂ, ದೋಣಿಯಲ್ಲಿ ಅಣ್ಣನ ಜಾಗ ತನಗೆ ಬರುವುದರಿಂದಲೋ ಏನೋ, ಅದು ಮಂಜೇ ಎಂದು ಎರಡು ಸಲ ಹೇಳಿದ.

ಬೊಮ್ಮಿ ಮದುವೆಗೆ ಮುಂಚೆ ಹೆಸರುವಾಸಿಯಾದವಳು, ಒಳ್ಳೆಯದಕ್ಕೆ ಅಲ್ಲ. ದೋಣಿಯ ತಳದ ಹಲಗೆ ಕದ್ದೊಯ್ದು, ದಡದ ಅಲೆಗಳ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಜಾರಿಕೊಂಡು ಬರುವುದು ಆ ಊರಿನ ಗಂಡುಮಕ್ಕಳ ಆಟ. ಅವಳೊಬ್ಬಳೇ ಹೆಣ್ಣು ಅದರಲ್ಲಿ. ಮೊಣಕಾಲೂರಿ ಏಳುತ್ತಿದ್ದವಳೂ ಅವಳೊಬ್ಬಳೇ ಎನ್ನುತ್ತಾರೆ. ಎದ್ದು ನಿಲ್ಲುತ್ತಿದ್ದಳು, ನಿಂತು ವೀಳ್ಯ ಹಾಕಿಕೊಳ್ಳುತ್ತಿದ್ದಳು ಎಂದು ಕೆಲವು ವರ್ಷ ನಾನು ಹೇಳಿಕೊಂಡು ತಿರುಗಿದ್ದುಂಟು, ಅದನ್ನು ಬಿಟ್ಟುಬಿಡಿ.

ನೂಲಹುಣ್ಣಿಮೆಯ ಬೆಳಿಗ್ಗೆ ಬುಧವಂತ ಹೊನ್ನಪ್ಪ ನಾಲ್ಕು ಜನರೊಂದಿಗೆ ಕದ ಏರಿಸಲು ಬಂದ. ಅಂಗಳದಲ್ಲಿ ಕಲ್ಲುಗಳೆರಡೂ ಇದ್ದವು. ಕದ ಇರಲಿಲ್ಲ. ಬೊಮ್ಮಿ ಹೊಸ್ತಿಲ ಮೇಲೆ ಅಬ್ಬಲಿಗೆ ದಂಡೆ ಮುಡಿದು ಮೀನಿನ ಬುಟ್ಟಿ ಹೆಣೆಯುತ್ತಾ ಕೂತಿದ್ದಳು.

"ಕದ ಎಲ್ಲೇ ಬೊಮ್ಮಿ?"

"ನಂಗೆಂತ ಗೊತ್ತು ಬುಧವಂತಣ್ಣ. ಅವ್ರನ್ನ ಹುಡುಕೂಕೆ ಹೋಗಿರ್ಬೇಕು. ಊರ ಗಂಡಸ್ರು ಯಾರೂ ಹೋಗ್ಲಿಲ್ಲಲ್ಲ, ಅದ್ಕೆ ಬೇಜಾರ್ ಬಂದಿರ್ಬೇಕು."

ಮನೆ ಹುಡುಕಿದರು, ತೆಂಗಿನ ಬುಡ ಹುಡುಕಿದರು, ಬಾವಿಗೆ ಇಣುಕಿದರು. ಹಲಸಿನ ಮರದ ಕದ, ಒಬ್ಬ ಹೆಂಗಸು ಎಷ್ಟು ದೂರ ಎಳೆದುಕೊಂಡು ಹೋದಾಳು? ಕೊನೆಗೆ ದಣಿದು ದಂಡೆಯ ಮೇಲೆ ಒಣಹಾಕಿದ ಬಲೆಗಳ ಮೇಲೆ ಕೂತು ಪಂಚಾಯಿತಿ ಮಾಡಿದರು. ಸಮುದ್ರಕ್ಕೆ ಹೋಗುವ ಗಂಡಸರೆಲ್ಲ ಸೇರಿದ್ದರು. ತಿಂಗಳುಗಟ್ಟಲೆ ಒಣಮೀನು ತಿಂದು ಎಲ್ಲರ ಬಾಯಿ ಕೆಟ್ಟಿತ್ತು, ಕಾಯಿ ಬಿಡದಿದ್ದರೆ ಅಕ್ಕಪಕ್ಕದ ಊರಿನವರು ಹೊಸ ಮೀನನ್ನೆಲ್ಲಾ ಬಳಿದುಕೊಂಡು ಹೋಗುತ್ತಾರೆಂಬ ಸಂಕಟ ಬೇರೆ. ನಾಗಪ್ಪ ಒಂದು ಉಪಾಯ ಹೇಳಿದ. "ಆಚಾರಿ ಹತ್ರ ಬೇರೆ ಕದ ಮಾಡ್ಸಿ ಏರ್ಸಿದ್ರಾಯ್ತಪ್ಪ, ಅದ್ರಲ್ಲೇನು!"

ಬುಧವಂತ ಅವನ ಮುಖವನ್ನೇ ನೋಡಿದ. "ಬೇರೆ ಕದ ಏರ್ಸಿದ್ರೆ ಬೇರೆಯವ ಸತ್ತ ಹಾಗಾತದೆ. ನೀ ಸಾಯ್ತ್ಯ, ನಾಗು?"

 ಕೂತವರ ಎದುರು ಬೊಮ್ಮಿ ಬಂದು ನಿಂತಳು. ತನ್ನನ್ನು ದೋಣಿಯಲ್ಲಿ ಹಕ್ಕಿಗುಡ್ಡದವರೆಗೆ ಕರೆದೊಯ್ಯಬೇಕು, ಬುಧವಂತನೇ ಜೊತೆಗಿರಬೇಕು, ಗುಡ್ಡದಲ್ಲಿ ಜಟ್ಟ ಇಲ್ಲವಾದರೆ ಮರಳಿ ಬಂದು ತಾನೇ ಎಲ್ಲರ ಎದುರು ಕದ ಏರಿಸಿ ಹೂ ತೆಗೆಯುವುದಾಗಿ ಹೇಳಿದಳು. ಬುಧವಂತನಿಗೆ ಬೇರೆ ದಾರಿ ಇರಲಿಲ್ಲ. ಹೂಂ ಎಂದ. "ಹಂಗಾದ್ರೆ ಎಲ್ರೂ ಸ್ವಲ್ಪ ಏಳಿ," ಎಂದಳು ಬೊಮ್ಮಿ. ಬಲೆ ಸರಿಸಿ ಮರಳು ಬಗೆದಳು. ಕದ ಅವರ ಕುಂಡೆಯಡಿಯಲ್ಲೇ ಇತ್ತು.

ಕಾಯಿ ಬಿಡದೆ ದೋಣಿ ಇಳಿಸುವುದು ಹೇಗೆ ಎಂದು ಯಾರೋ ಗೊಣಗಿದರು. ಇದು ಮೀನಿಗೆ ಹೋಗುವ ದೋಣಿಯಲ್ಲ, ಬಾಗಿಲು ಸಾಗಿಸುವ ದೋಣಿ ಎಂದು ಬುಧವಂತ ತೀರ್ಪು ಕೊಟ್ಟ. ತೀರ್ಪು ಕೊಡುವವರಿಗೆ ಇಂಥ ಜಾಣ್ಮೆ ಬೇಕು. ಕದವನ್ನೇಕೆ ಒಯ್ಯಬೇಕೆಂದು ಕೇಳಿದ್ದಕ್ಕೆ ಬೊಮ್ಮಿ, ಬಿಟ್ಟುಹೋದರೆ ನಾಗಪ್ಪ ಏರಿಸಿಬಿಡುತ್ತಾನೆ ಎಂದಳು. ನಿಜವಾದ ಕಾರಣ ಪಾರೆಯ ಬಳಿ ತಿಳಿಯಿತು. ಮಳೆ ನಿಂತಿದ್ದರೂ ಕಡಲಿನ ಸಿಟ್ಟು ಇಳಿದಿರಲಿಲ್ಲ. ಗುಡ್ಡಕ್ಕೆ ಹತ್ತಲು ಇರುವುದು ಪಾರೆಯ ಒಳಗಿನ ಸಣ್ಣ ಮರಳ ದಂಡೆಯೊಂದೇ. ಪಾರೆಯ ಮೇಲೆ ಆನೆಯೆತ್ತರದ ಅಲೆಗಳು ಮಗುಚುತ್ತಿದ್ದವು. ಪಾರೆಯ ಪಕ್ಕದಲ್ಲಿ ಒಂದು ಓಣಿಯೇನೋ ಇದೆ, ಆದರೆ ಅಲೆ ಒಳಗೆ ಸುರಿದ ನೀರೆಲ್ಲಾ ಅದರಲ್ಲಿ ಹೊಳೆಯಂತೆ ಹೊರಗೆ ನುಗ್ಗುತ್ತದೆ. ಹುಟ್ಟು ಹಾಕಿ ಅದರ ಎದುರು ಹೋಗುವುದು ಆಗದ ಮಾತು. ಪಾರೆಯ ಮೇಲಿಂದ ಹೋಗೋಣವೆಂದರೆ ದೋಣಿಯ ತಳ ಬಂಡೆಗೆ ತಾಗಿ ಹೋಳಾಗುತ್ತದೆ. ಹುಟ್ಟು ಹಾಕುವವರು ಕೈಬಿಟ್ಟರು. ಬೊಮ್ಮಿ ಸೀರೆಯ ಕಚ್ಚೆ ಬಿಗಿದು ಕದವನ್ನು ನೀರಿಗೆ ಜಾರಿಸಿದಳು.

"ಬ್ಯಾಡ್ವೇ, ಸತ್ತೋತಿ!" ಎಂದ ಬುಧವಂತ.

"ನಾ ಸತ್ರೆ ಕದ ಇಳ್ಸೂದಿಲ್ಲ, ಏರ್ಸೂದೂ ಇಲ್ಲ ಅಣ್ಣ. ಹೆಂಗಸ್ರಿಗೆ ಆ ಕಟ್ಳೆ ಇಲ್ಲ. ನಿಮ್ಗೆ ತೊಂದ್ರೆ ಎಂತ ಆಗೂದಿಲ್ಲ."

ಅಲ್ಲಿ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಗುಂಪಿನ ಮೊದಲನೆಯದಕ್ಕೆ ಆಸೆಪಟ್ಟು ಹೊರಟವನು ಬಿದ್ದರೆ ಹಿಂದಿನವೆಲ್ಲಾ ಅವನ ತಲೆಯ ಮೇಲೆಯೇ. ಬೊಮ್ಮಿ ಕದದ ಮೇಲೆ ಮಲಗಿ, ಒಂದೊಂದನ್ನೇ ಅಡಿಯಿಂದ ಹೋಗಗೊಟ್ಟು, ಕೊನೆಯದೆಂದು ತೋರಿದ್ದಕ್ಕೆ ಎರಡೂ ಕೈಯಿಂದ ನೀರು ಬಗೆದಳು. ಅಲೆ ಕದದ ಹಿಂಬದಿಯನ್ನು ಎತ್ತಿತು. ಎದುರಿಗೆ ನೀರು ಹೀರಿಹೋಗಿ ಪಾರೆಯ ಕಪ್ಪು ಬೆನ್ನು, ಅದರ ಮೇಲಿನ ಚಿಪ್ಪುಗಳು ಕಂಡವು. ನೆಟ್ಟಗೆ ಇಳಿದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಹಳೆಯ ಕದಗಳಿಗೆ ಕಬ್ಬಿಣದ ಕೀಲು ಇರುತ್ತಿರಲಿಲ್ಲ. ಒಂದು ಅಂಚಿನ ಮೇಲ್ತುದಿಗೂ ಕೆಳತುದಿಗೂ ಅದೇ ಮರದಲ್ಲಿ ಕಡೆದ ಗೂಟ ಇರುತ್ತಿತ್ತು, ಕೆಳಗಿನದು ಹೊಸ್ತಿಲ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಹಿಂದಿದ್ದ ಆ ಗೂಟ ಚುಕ್ಕಾಣಿಯ ಹಾಗೆ ನೀರು ಕಚ್ಚಿತು. ಕದ ತನ್ನ ಮನೆಯಲ್ಲಿ ತಿರುಗುತ್ತಿದ್ದ ಕಡೆಗೇ ತಿರುಗಿತು. ಬೊಮ್ಮಿ ಮೊಣಕಾಲೂರಿ ಎದ್ದಳು. ಬೆನ್ನ ಹಿಂದೆ ಅಲೆ ಮಗುಚುತ್ತಾ ಬರುತ್ತಿತ್ತು, ಅವಳು ಅದರ ಮುಂದೆ ಅಡ್ಡಡ್ಡವಾಗಿ, ಗೋಡೆಯ ಮೇಲೆ ಹಲ್ಲಿ ಓಡುವಂತೆ ಓಡುತ್ತಿದ್ದಳು. ದೋಣಿಯಲ್ಲಿದ್ದವರಿಗೆ ಕಂಡದ್ದು ಅಲೆಯ ಬೆನ್ನು, ಅದರಾಚೆ ಒಂದು ತಲೆ, ಅಷ್ಟೇ. ಆಮೇಲೆ ತಲೆಯೂ ಕಾಣಲಿಲ್ಲ.

ಪಾರೆ ಮುಗಿಯುವಲ್ಲಿ ಅಲೆ ಸಣ್ಣಗಾಗಿ ಅವಳನ್ನು ಮರಳಿಗೆ ತಂದು ಹಾಕಿತು. ಜಟ್ಟ ಅಲ್ಲಿದ್ದ. ಪಾತಿದೋಣಿ ಒಡೆದ ದಿನವೇ ಕಾಲು ಮುರಿದು, ಕಲ್ಲಿನ ಮರೆಯಲ್ಲಿ ಮಳೆನೀರು ಕುಡಿದು, ಹಕ್ಕಿಮೊಟ್ಟೆ, ಚಿಪ್ಪಿನೊಳಗಿನ ಮಾಂಸ ತಿಂದು, ಒಣಗಿದ ಗೂಡುಗಳಿಗೆ ಚಕಮಕಿ ತಾಗಿಸಿ ಆಗಾಗ ಹೊಗೆ ಹಾಕುತ್ತಾ ಬದುಕಿದ್ದ. ಎಲುಬಿನ ಮೇಲೆ ಗಡ್ಡ ಹಚ್ಚಿಟ್ಟ ಹಾಗಿದ್ದ. ಹೆಂಡತಿಯನ್ನು ನೋಡಿದ, ಅವಳ ತಲೆಯಲ್ಲಿ ಉಳಿದಿದ್ದ ಒಂದೆರಡು ಹೂ ನೋಡಿದ, ಆಮೇಲೆ ಹಲಗೆಯನ್ನು ಗುರುತು ಹಿಡಿದ.

"ಕದ ಎಂತಕೆ ತಂದ್ಯೆ ಮಾರಾಯ್ತಿ? ಮನೆಗೆ ನಾಯಿ ನುಗ್ಗೂದಿಲ್ವ?"

ಅದಕ್ಕೆ ಬೊಮ್ಮಿ ಏನೆಂದಳೋ ಯಾರಿಗೂ ಗೊತ್ತಿಲ್ಲ; ಎಂದದ್ದನ್ನು ಅವರಿಬ್ಬರೂ ಊರಿಗೆ ಹೇಳಲಿಲ್ಲ. ಅವನನ್ನು ಕದದ ಮೇಲೆ ಮಲಗಿಸಿ, ತಾನು ಗೂಟ ಹಿಡಿದು ಕಾಲು ಬಡಿಯುತ್ತಾ, ಹೊರಗೆ ಹರಿಯುವ ಆ ಓಣಿಗೆ ಬಿಟ್ಟುಕೊಂಡಳು. ಒಳಗೆ ಬಿಡದ ನೀರು ಹೊರಗೆ ತಾನೇ ಕಳಿಸಿಕೊಟ್ಟಿತು. ದೋಣಿಯವರು ಮೊದಲು ಜಟ್ಟನನ್ನು, ಆಮೇಲೆ ಅವಳನ್ನು ಎಳೆದುಕೊಂಡರು. ಕದಕ್ಕೆ ಕೈ ಹಾಕುವಷ್ಟರಲ್ಲಿ ಹೊಸ ಗುಂಪಿನ ಅಲೆ ಉಬ್ಬಿತು. "ಬಿಡ್ರೋ ಅದನ್ನ! ಹುಟ್ಟು ಹಾಕಿ!" ಎಂದು ಬುಧವಂತ ಅರಚಿದ. ದೋಣಿ ತಪ್ಪಿಸಿಕೊಂಡಿತು. ಕದ ಒಂಟಿಯಾಗಿ ಅಲೆಯ ತುದಿಗೇರಿ, ಯಾರೋ ಮೇಲೆ ಕೂತಿದ್ದಾರೆ ಎಂಬಂತೆ ಅದೇ ದಾರಿಯಲ್ಲಿ ಅಡ್ಡಕ್ಕೆ ಓಡಿ, ಪಾರೆಯ ನಡುವಿನ ಬಿರುಕಿನಲ್ಲಿ ನೆಟ್ಟು ನಿಂತಿತು. ಅದನ್ನು ತರಲು ಯಾರೂ ಹೋಗಲಿಲ್ಲ. ಕಡಲು ಗಂಡನನ್ನು ಕೊಟ್ಟು ಕದ ಇಟ್ಟುಕೊಂಡಿದೆ, ಇನ್ನು ಅದಕ್ಕೂ ನಮಗೂ ಜಗಳವಿಲ್ಲ ಎಂದು ಹೇಳಿ ಬುಧವಂತ ಆ ಸಂಜೆಯೇ ಕಾಯಿ ಬಿಟ್ಟ. ಅಂದಿನಿಂದ ಅದು ಕದದಪಾರೆ.

ಆದರೆ ಕಟ್ಟಳೆಯ ಗಂಟು ಹಾಗೇ ಉಳಿಯಿತು. ಜಟ್ಟ ಬಂದದ್ದೇನೋ ಹೌದು, ಕದ ಏರಿಸಲಿಲ್ಲವಲ್ಲ. ಬೇರೆ ಕದ ಏರಿಸುವಂತಿಲ್ಲ ಎಂದು ಬುಧವಂತನೇ ಎಲ್ಲರೆದುರು ಅಂದುಬಿಟ್ಟಿದ್ದ. ಹಾಗಾಗಿ ಜಟ್ಟ ಕುಂಟುಗಾಲಿನಲ್ಲಿ ಬಲೆ ಹೆಣೆಯುತ್ತಾ, ಮಕ್ಕಳನ್ನು ಹುಟ್ಟಿಸುತ್ತಾ, ಕಟ್ಟಳೆಯ ಪ್ರಕಾರ ಇನ್ನೂ ಸಮುದ್ರದಲ್ಲೇ ಇದ್ದ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಬೊಮ್ಮಿ, "ನೀವಿನ್ನೂ ಬಂದೇ ಇಲ್ಲ, ಸುಮ್ನಿರಿ" ಎನ್ನುತ್ತಿದ್ದಳಂತೆ. ಎಷ್ಟೋ ವರ್ಷಗಳ ಮೇಲೆ, ಮುದುಕನಾಗಿ, ಅದೇ ಮನೆಯ ಚಾಪೆಯ ಮೇಲೆ ಜ್ವರ ಬಂದು ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಕೇರಿಯ ಹೆಂಗಸರು ಅವಳ ಹೂ ತೆಗೆಯಲು ಬಂದರು. ಹೊನ್ನಪ್ಪನ ಮಗ ಆಗ ಬುಧವಂತ. ಅವನೂ ಬಂದು ಅಂಗಳದಲ್ಲಿ ನಿಂತ. ಬೊಮ್ಮಿ ಹೊಸ್ತಿಲ ಮೇಲೆ ಕೂತಿದ್ದಳು. ಕಣ್ಣು ಒರೆಸಿಕೊಂಡು, ಅವನೊಬ್ಬನನ್ನೇ ನೋಡಿ ಕೇಳಿದಳು.

"ಕದ ಏರಿತಾ?"

ಬುಧವಂತ ಕದವಿಲ್ಲದ ಚೌಕಟ್ಟನ್ನು ನೋಡಿದ. ಆಮೇಲೆ ಹೆಂಗಸರಿಗೆ ಮನೆಗೆ ಹೋಗಿ ಎಂದ. ಬೊಮ್ಮಿ ಸಾಯುವವರೆಗೂ ಅಬ್ಬಲಿಗೆ ಮುಡಿದೇ ಇದ್ದಳು. ಆ ಮನೆತನದ ಹೆಂಗಸರು ಯಾರೂ ಅಂದಿನಿಂದ ಹೂ ಇಳಿಸಿದ್ದಿಲ್ಲ, ಊರು ಕೇಳಿದ್ದೂ ಇಲ್ಲ.

ಪಾರೆಯ ಬಿರುಕಿನಲ್ಲಿ ಈಗ ಕದವಿಲ್ಲ. ನೀರು ಇಳಿದಾಗ ಇದೆಯೆಂದು ಯಾರಾದರೂ ತೋರಿಸಿದರೆ ಅದು ಕಲ್ಲು, ತೋರಿಸುವವನು ನನ್ನ ಶಿಷ್ಯ. ಮನೆ ಮಾತ್ರ ಇದೆ. ನೀವು ಕೂತಿರುವುದು ಅದರ ಜಗಲಿಯ ಮೇಲೆಯೇ. ಹಿಂದೆ ತಿರುಗಿ ನೋಡಿ: ಹಲಸಿನ ಮರದ ಚೌಕಟ್ಟು, ಹೊಸ್ತಿಲ ಮೂಲೆಯಲ್ಲಿ ಗೂಟ ತಿರುಗಿ ತಿರುಗಿ ಸವೆದ ಕುಳಿ, ಅದರ ತುಂಬಾ ಮರಳು. ಕದ ಇಲ್ಲ. ಮಳೆಗಾಲದಲ್ಲೂ ಒಂದು ಬಲೆ ಇಳಿಬಿಟ್ಟಿರುತ್ತಾರೆ, ಅಷ್ಟೇ. ಒಳಗೆ ಒಲೆಯ ಮುಂದೆ ಚಹಾ ಸೋಸುತ್ತಿರುವ ಅಜ್ಜಿಯ ಗಂಡ ಹೋಗಿ ಬಹಳ ಕಾಲವಾಯಿತು. ಅವಳ ತುರುಬು ನೋಡಿ, ಆದರೆ ಏನೂ ಕೇಳಬೇಡಿ. ಚಹಾಕ್ಕೆ ದುಡ್ಡು ಕೊಡುವಾಗ ನನ್ನದನ್ನೂ ಸೇರಿಸಿ ಕೊಟ್ಟುಬಿಡಿ. ನಾನು ಎರಡು ಕುಡಿದಿದ್ದೇನೆ.