ಆನೆ ಕೊಟ್ಟ ಒಂದು ದಿನ

ಕಾಡಿನ ಕೆರೆಗೆ ನೀರು ಕುಡಿಯಲು ಬಂದ ಆನೆ ದಡದಲ್ಲಿ ಸೇರಿದ್ದ ಪ್ರಾಣಿಗಳ ಸಭೆಗೆ ಹೇಳಿತು: "ಇವತ್ತೊಂದು ದಿನ ನಿಮಗಾಗಿ ದುಡಿಯುತ್ತೇನೆ. ಸಂಜೆ ಹೊರಟರೆ ಮತ್ತೆ ಈ ಕಡೆ ಬರುವುದಿಲ್ಲ. ಯಾವ ಕೆಲಸ ಮೊದಲು?"

"ಕೆರೆ ಏರಿ ಬಿರುಕು ಬಿಟ್ಟಿದೆ. ದಿನವೂ ಬೆನ್ನು ಕೊಟ್ಟು ತಡೆದು ಸಾಕಾಗಿದೆ, ಸ್ವಾಮಿ. ಆ ದೊಡ್ಡ ಬಂಡೆ ತಂದಿಟ್ಟರೆ ಮುಗಿಯಿತು," ಎಂದಿತು ಆಮೆ.

ಅಧ್ಯಕ್ಷ ನರಿ ಕೆಮ್ಮಿತು. "ಏರಿ ಇರುವುದು ಆಮೆಯ ವಾರ್ಡಿನಲ್ಲಿ. ಉಳಿದ ಹನ್ನೊಂದು ವಾರ್ಡಿನವರಿಗೆ ನಾನೇನು ಹೇಳಲಿ? ಎಲ್ಲರಿಗೂ ಸಮಪಾಲು."

ಸಭೆ ಚಪ್ಪಾಳೆ ತಟ್ಟಿತು. ಆನೆ ವಾರ್ಡಿನಿಂದ ವಾರ್ಡಿಗೆ ನಡೆಯಿತು. ನವಿಲಿಗೆ ಕುಣಿಯಲು ಜಗುಲಿ ಕಟ್ಟತೊಡಗಿತು, ಮೊಲಕ್ಕೆ ದಾರಿ ಮಾಡತೊಡಗಿತು. ಪ್ರತಿ ವಾರ್ಡಿನಲ್ಲೂ ಮೊದಲು ಪೂಜೆ, ಹಾರ, ನರಿಯ ಭಾಷಣ. ಯಾವ ಕೆಲಸವೂ ಅರ್ಧ ದಾಟಲಿಲ್ಲ. ಏರಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬಂಡೆ ಎತ್ತುವ ಶಕ್ತಿ ಆನೆಗೆ ಉಳಿದಿರಲಿಲ್ಲ.

ಕೊರಳ ತುಂಬ ಹಾರ ಹೊತ್ತ ಆನೆ ಸೋತ ದನಿಯಲ್ಲಿ ಕೇಳಿತು: "ಏರಿ ಆಮೆಯ ವಾರ್ಡಿನದು, ಸರಿ. ನೀರು ಯಾವ ವಾರ್ಡಿನದು?"

"ಮುಂದಿನ ಸಭೆಯಲ್ಲಿ ಚರ್ಚಿಸೋಣ," ಎಂದಿತು ನರಿ.

ಆನೆ ಹೊರಟಿತು. ಆಮೆ ಇಳಿದುಹೋಗಿ, ಬಿರುಕಿಗೆ ಬೆನ್ನು ಕೊಟ್ಟು ಕೂತಿತು.