ಮೂರು ಸಲ ಕೂಗಿದ ಸವಾಲು

ಪರಮಪೂಜ್ಯ ನಿಂಗಯ್ಯಜ್ಜನವರು ಕೆರೆಯ ಏರಿಯ ಮೇಲಿನ ಚಪ್ಪರದಲ್ಲಿ ಕೂತು ದಾಸೋಹದ ಜೋಳ ಆರಿಸುತ್ತಿದ್ದ ಒಂದು ಮಧ್ಯಾಹ್ನ, ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವ ಚನಮಲ್ಲಪ್ಪ ಮಗಳು ಗುರವ್ವಳನ್ನು ಕರೆದುಕೊಂಡು ಬಂದ. ಅವನ ಕೂಗಿಗೆ ಮೂರು ಊರಾಚೆಯ ಎಮ್ಮೆಗಳು ತಲೆ ಎತ್ತುತ್ತಿದ್ದವಂತೆ. ಎರಡೇ ಊರು ಎನ್ನುವವರೂ ಇದ್ದಾರೆ. ಅಂಥವರು ಅವನ ಕೂಗು ಕೇಳಿದವರಲ್ಲ.

ಗುರವ್ವಳಿಗೆ ಗಂಡು ಗೊತ್ತಾಗಿತ್ತು. ನಾಳೆಯೇ ನಿಶ್ಚಯದ ವೀಳ್ಯ. ಅಜ್ಜನವರು ಹರಸಿಬಿಟ್ಟರೆ ಆಯಿತು. ಹುಡುಗಿಯನ್ನು ಕೇಳಿದೆಯಾ ಎಂದು ಅವರು ವಿಚಾರಿಸುವ ಮೊದಲೇ ಚನಮಲ್ಲಪ್ಪ ಹೇಳಿಬಿಟ್ಟ: "ಮೂರು ಸಲ ಕೇಳೀನ್ರಿ ಅಜ್ಜಾರ. ಒಂದ್ ಸಲ, ಎರಡ್ ಸಲ, ಮೂರ್ ಸಲ. ಸೊಲ್ಲೆತ್ತಲಿಲ್ಲ. ಅಲ್ಲಿಗೆ ಮುಗೀತು."

ಅಜ್ಜನವರು ತಲೆಯೆತ್ತಿ ನೋಡಿದರು. ಮತ್ತೆ ಮೊರದತ್ತ ಬಾಗಿದರು. ಜೋಳದೊಳಗಿನ ಕಲ್ಲು ಹೆಕ್ಕತೊಡಗಿದರು.

ಚನಮಲ್ಲಪ್ಪ ಗಂಡಿನ ಹೊಲ ಹೊಗಳಿದ, ಎತ್ತು ಹೊಗಳಿದ, ಮೀಸೆಯನ್ನೂ ಬಿಡಲಿಲ್ಲ. ಅದೆಲ್ಲ ಮುಗಿದ ಮೇಲೆ ಬಿಸಿಲನ್ನು ಬೈದ. ಆಮೇಲೆ ಬಾಯಿಗೆ ಏನೂ ಸಿಗಲಿಲ್ಲ. ಪೇಟೆಯಲ್ಲಿ ಸದ್ದು ನಿಂತರೆ ಮಾಲು ಬಿದ್ದಲ್ಲೇ ಉಳಿಯಿತೆಂದು ಅರ್ಥ. ಆ ಹೆದರಿಕೆಯಲ್ಲೇ ಕೂಗಿ ಕೂಗಿ ಬದುಕಿದವನಿಗೆ ಈಗ ಚಪ್ಪರದ ನೆರಳಲ್ಲೂ ಬೆವರಿಳಿಯಿತು. ಯಾರೂ ಬೈದಿರಲಿಲ್ಲ, ಆದರೂ ಬೈಸಿಕೊಂಡವನಂತೆ ಒದ್ದಾಡಿದ. ಇಷ್ಟು ದಿನ ಮಾತಿನಡಿ ಅದುಮಿಟ್ಟಿದ್ದೊಂದು ಮೆಲ್ಲಗೆ ಮೇಲೇಳುತ್ತಿತ್ತು.

"ಎರಡನೇ ಸಲಕ್ಕ ಆಕಿ ತುಟಿ ಬಿಚ್ಚಿದ್ಲರಿ," ಎಂದ ಕಡೆಗೆ, ಯಾರೂ ಕೇಳದೆ. "ನಾನ ಗಡಬಡಿಸಿ ಮೂರನೇದು ಕೂಗಿಬಿಟ್ಟೆ."

ಆಗ ಅಜ್ಜನವರು ಅಪ್ಪಣೆ ಕೊಡಿಸಿದರು: "ಚನಮಲ್ಲಾ, ಸುಮ್ಮನ ನಿಂತಾಂವನ ಹೆಸರಿಗೆ ಎಂದಾರ ಮಾಲು ಬಿಟ್ಟೀಯೇನು?"

ಇಪ್ಪತ್ತು ವರ್ಷ ಸವಾಲು ಕೂಗಿದವನು. ಸುಮ್ಮನಿದ್ದವನು ಒಲ್ಲದವನು ಎಂಬುದು ಪೇಟೆಯ ಕೂಸಿಗೂ ಗೊತ್ತು. ಅವನ ಮನೆಯಲ್ಲಿ ಮಾತ್ರ ಅದು ತಿರುಗಾಮುರುಗಾ ಆಗಿತ್ತು.

ಮಗಳ ಕಡೆ ತಿರುಗಿದ. "ಯವ್ವಾ, ನಿನಗ ಒಪ್ಪಿಗಿ ಐತೇನು?"

ಗುರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಚನಮಲ್ಲಪ್ಪನ ನಾಲಿಗೆಯ ತುದಿಗೆ ಹದಿನೆಂಟು ಮಾತು ಬಂದವು; ಹಲ್ಲು ಕಚ್ಚಿ ತಡೆದ. ಎರಡು ಗಳಿಗೆ ಕಾದನೆಂದು ಭಕ್ತರು ಹೇಳುತ್ತಾರೆ. ಅರ್ಧ ಗಳಿಗೆಯೇ ಇರಲಿ, ಅವನ ಮಟ್ಟಿಗೆ ಅದು ಘೋರ ತಪಸ್ಸು.

"ಒಲ್ಲೆ ಅಪ್ಪಾ," ಎಂದಳು.

ಅವನು ಅಜ್ಜನವರ ಪಾದಕ್ಕೆ ಹಣೆ ಮುಟ್ಟಿಸಿ ಎದ್ದ. ಗಂಡಿನ ಮನೆಗೆ ಹೋಗಿ ತಪ್ಪು ತನ್ನದೆಂದು ಕೈಮುಗಿಯುವ ಕೆಲಸ ಸಂಜೆಗಿತ್ತು, ಮಾಡಿದ ಕೂಡ. ಆದರೆ ಅದಕ್ಕೂ ಮೊದಲು, ಏರಿ ಇಳಿದು ಮನೆಗೆ ನಡೆಯುವಾಗ, ಮಗಳು ಮಾತಾಡಲಿಲ್ಲ. ಅವನೂ ಆಡಲಿಲ್ಲ. ಗುರವ್ವಳ ಹೆಜ್ಜೆಯ ಸಪ್ಪಳ ಎಷ್ಟು ಹಗುರ ಎಂಬುದು ಆ ತಂದೆಗೆ ಗೊತ್ತಾದದ್ದು ಅಂದೇ.