ಖೋಲಾ ಎಂದು ಕೂಗಿದವನು

ಬಯಲುಸೀಮೆಯ ವೆಂಕೋಬರಾಯರು ಹೆಂಡತಿ ತುಂಗಾಬಾಯಿಯನ್ನು ಕರೆದುಕೊಂಡು ಮುಕ್ತಿನಾಥದ ಯಾತ್ರೆಗೆ ಹೊರಟರು. ಆಗಿನ ಕಾಲಕ್ಕೆ ಅದು ಕಾಲ್ನಡಿಗೆಯ ದಾರಿ. ನೇಪಾಳದ ಗಡಿ ದಾಟಿದ್ದೇ ತಡ, ರಾಯರ ಎದೆಯಲ್ಲಿ ಅಳುಕು ಹೊಕ್ಕಿತು. "ಪರದೇಶ. ಗುರುತಿಲ್ಲದವರನ್ನು ನಂಬಬೇಡ" ಎಂದು ಊರಿನ ಹಿರಿಯರು ಹೇಳಿ ಕಳಿಸಿದ್ದರು. ರಾಯರು ಆ ಮಾತನ್ನು ಮಂತ್ರದಂತೆ ಹಿಡಿದರು. ಯಾರಾದರೂ ನಕ್ಕರೆ, ಏಕೆ ನಕ್ಕ? ಸುಮ್ಮನಿದ್ದರೆ, ಏನು ಸಂಚು ಹೂಡುತ್ತಿದ್ದಾನೆ?

ಬೆಟ್ಟದ ದಾರಿಯಲ್ಲಿ ಕುರಿ ಕಾಯುವವನೊಬ್ಬ ಜೊತೆಯಾದ. ಎದೆ ಮುಟ್ಟಿಕೊಂಡು "ಧನಬೀರ" ಎಂದು ಹೆಸರು ಹೇಳಿದ. ಸೊಂಟದಲ್ಲಿ ಬಾಗಿದ ಕತ್ತಿ. ನಿಮ್ಮ ಗಂಟು ನಾನು ಹೊರುತ್ತೇನೆಂದು ಸನ್ನೆ ಮಾಡಿದ. ರಾಯರು ಗಂಟನ್ನು ಇನ್ನಷ್ಟು ಅವುಚಿಕೊಂಡರು.

"ಕತ್ತಿ ನೋಡಿದಿ?" ಎಂದರು ಹೆಂಡತಿಗೆ.

"ನಮ್ಮನಿ ಈಳಗಿ ನೋಡಿ ಒಂದಿನಾನೂ ಅಂಜಿಲ್ಲಲ್ರೀ ನೀವು" ಎಂದು ತುಂಗಾಬಾಯಿ ನಕ್ಕರು.

"ಈಳಗಿ ಅಡಿಗಿಮನ್ಯಾಗ ಇರತದ. ಇದು ಅವನ ನಡದಾಗ ಅದ. ನಗಬ್ಯಾಡ."

ಮಧ್ಯಾಹ್ನ ಒಂದು ಹಳ್ಳದ ದಂಡೆಗೆ ಬಂದರು. ಧನಬೀರ ಹಳ್ಳದ ಕಡೆ ಕೈ ತೋರಿಸಿ, ಕೂತಿರಿ ಎಂದು ಸನ್ನೆ ಮಾಡಿ, ಕುರಿಗಳಿಗೆ ಸೊಪ್ಪು ಕಡಿಯಲು ಗುಡ್ಡ ಹತ್ತಿದ.

"ಇದs ಸಮಯ, ನಡಿ. ಅವ ಬರೋದ್ರಾಗ ದಾಟಿಬಿಡೋಣು" ಎಂದರು ರಾಯರು.

"ಅವ ಕೂಡ್ರಿ ಅಂದಾನಲ್ರೀ."

"ಅದಕ್ಕs ನಡಿ ಅಂದೆ."

ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರು. ರಾಯರು ಆಕಾಶ ನೋಡಿದರು. ಮೋಡದ ಚೂರೂ ಇಲ್ಲ, ಉರಿಬಿಸಿಲು. ಮಳೆಯಿಲ್ಲದೆ ಹಳ್ಳ ಬಂದೀತೆ? ಇಬ್ಬರೂ ಇಳಿದರು.

ಇನ್ನೂ ನಡುವಿಗೆ ಬಂದಿರಲಿಲ್ಲ. ಹಿಂದಿನಿಂದ ಕೂಗು ಕೇಳಿತು. ಧನಬೀರ ಗುಡ್ಡ ಇಳಿದು ಓಡಿ ಬರುತ್ತಿದ್ದ. ಸೊಪ್ಪು ಕಡಿಯುತ್ತಿದ್ದ ಕತ್ತಿ ಕೈಯಲ್ಲೇ ಇತ್ತು. "ಖೋಲಾ! ಖೋಲಾ ಆಯೋ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಕೊಲ್ಲತೇನಿ ಅನ್ನಲಿಕತ್ಯಾನ! ಕೇಳಸ್ತೇನು?" ಎಂದರು ರಾಯರು.

"ಅಲ್ರೀ, ಅವನ ಮಾರಿ ನೋಡ್ರಿ. ಅಳೂಹಂಗ ಅದ. ಹಿಂದಕ್ಕ ಹೋಗೋಣು, ದಂಡಿ ಇಲ್ಲೇ ಅದ."

ರಾಯರು ಕೇಳಲಿಲ್ಲ. ಹೆಂಡತಿಯ ಕೈ ಹಿಡಿದು ಹಳ್ಳದ ನಡುವಿಗೆ ಎಳೆದುಕೊಂಡು ಓಡಿದರು.

ನೀರು ಗೋಡೆಯಂತೆ ಬಂತು. ಕಲ್ಲು ಮಣ್ಣು ಎಲ್ಲವನ್ನೂ ಹೊತ್ತುಕೊಂಡು ಬಂತು. ಧನಬೀರ ಕತ್ತಿ ಬಿಸಾಡಿ ಧುಮುಕಿದ. ಅವನ ಕೈಗೆ ರಾಯರ ಶಲ್ಯ ಸಿಕ್ಕಿತು, ಅದನ್ನೇ ಹಿಡಿದು ಅವರನ್ನು ದಂಡೆಗೆ ಎಳೆದ. ತುಂಗಾಬಾಯಿ ಸಿಗಲಿಲ್ಲ.

ಹತ್ತಿರದ ಹಳ್ಳಿಯವರೆಲ್ಲ ಬಂದು ದಂಡೆಗುಂಟ ಹುಡುಕಿದರು. ಸೆರಗಿನ ಚೂರೂ ಕಾಣಲಿಲ್ಲ. ಆ ಹಳ್ಳಿಯಲ್ಲಿ ನಮ್ಮ ಕಡೆ ತಿರುಗಾಡಿ ಕನ್ನಡ ಕಲಿತ ಬೈರಾಗಿಯೊಬ್ಬನಿದ್ದ. ರಾಯರು ಅವನ ಕಾಲ ಬಳಿ ಕುಸಿದು ಕೇಳಿದರು: "ಮಹಾರಾಜ್, ಖೋಲಾ ಅಂದ್ರೇನ್ರಿ?"

"ಖೋಲಾ ಅಂದ್ರೆ ಹಳ್ಳ. ಇಲ್ಲಿ ಹಳ್ಳಕ್ಕೆ ಮಳೆ ಬೇಕಾಗಿಲ್ಲ. ಬಿಸಿಲು ಏರಿದರೆ ಮೇಲೆ ಹಿಮ ಕರಗತದೆ, ಮಧ್ಯಾಹ್ನಕ್ಕೆ ನೀರು ಕಟ್ಟೆಯೊಡೆದು ಒಮ್ಮೆಲೇ ಇಳೀತದೆ. ಗುಡ್ಡದ ಮೇಲಿಂದ ಅದು ಕಂಡು, ಹಳ್ಳ ಬಂತು, ಹಳ್ಳ ಬಂತು ಅಂತ ಕೂಗಿದ್ದಾನೆ."

 "ನಮ್ಮೂರಾಗೂ ಹಿಂಗs ಕೂಗತಾರ" ಎಂದರು ರಾಯರು.

ಧನಬೀರ ಮುಂದೆ ಬಂದು ಕೈಮುಗಿದು ಏನೋ ಹೇಳಿದ.

"ತಾಯಿಯ ಕೈ ನನಗೆ ಎಟುಕಲಿಲ್ಲ, ಕ್ಷಮಿಸಿ ಅಂತಿದಾನೆ" ಎಂದ ಬೈರಾಗಿ.

"ಬೈ ಅಂತ ಹೇಳ್ರಿ ಅವಗ" ಎಂದರು ರಾಯರು. "ಹೊಡೀ ಅಂತ ಹೇಳ್ರಿ. ಆಕೀ ಕೈ ಎಳದಾವ ನಾನು."

ಧನಬೀರ ಬೈಯಲಿಲ್ಲ. ರಾಯರು ಮುಕ್ತಿನಾಥಕ್ಕೂ ಹೋಗಲಿಲ್ಲ. ತರ್ಪಣ ಬಿಡಲು ಆ ಹಳ್ಳದ ನೀರನ್ನೇ ಬೊಗಸೆಯಲ್ಲಿ ತೆಗೆದುಕೊಂಡರು. ಅದರಲ್ಲಿ ಆಕೆ ಇದ್ದಾಳೆಂಬಂತೆ, ಬೆರಳ ಸಂದಿಯಿಂದ ಅದು ತಾನಾಗಿ ಸೋರಿ ಹೋಗುವವರೆಗೂ ಹಿಡಿದೇ ನಿಂತರು.

ನೀತಿ: ಪರದೇಶದಲ್ಲಿ ಎಚ್ಚರ ಬೇಕು, ನಿಜ. ಆದರೆ ಯಾವುದಕ್ಕೆ ಅಂಜಬೇಕೆಂಬುದು ಆ ನೆಲದವನಿಗೇ ಗೊತ್ತು. ತಿಳಿಯದ ಮಾತಿಗೆ ನಮ್ಮ ಭಯ ತಾನೇ ಅರ್ಥ ಹಚ್ಚುತ್ತದೆ. ನಿಜವಾದ ಅರ್ಥ ತಿಳಿಯುವ ಹೊತ್ತಿಗೆ ಕೈಯಲ್ಲಿದ್ದದ್ದು ಹೋಗಿರುತ್ತದೆ, ದೇವರೂ ಅದನ್ನು ತಿರುಗಿ ಕೊಡುವುದಿಲ್ಲ.